ಕೀ ಕೊಟ್ಟರೆ ಓಡುವ ಆಪದ್ಧನ

ಎಚ್‌ಎಂಟಿ ಮೇನ್ ರೋಡಿನಿಂದ ಮತ್ತಿಕೆರೆಯ ಕಡೆ ಒಳಕ್ಕೆ ತಿರುಗಿದರೆ, ಹೂವಿನ ಗಾಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಷಟರಿನ ಅಂಗಡಿಯೊಂದಿದೆ. ಬೋರ್ಡು ಉಂಟು, ಓದುವ ಹಾಗಿಲ್ಲ. ಬಿಸಿಲು ಅದರ ಬಣ್ಣವನ್ನೆಲ್ಲ ನೆಕ್ಕಿ ‘ವಾಚ್’ ಅನ್ನುವಷ್ಟನ್ನು ಮಾತ್ರ ಉಳಿಸಿದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ನಿಲ್ಲಬೇಕು. ಗೋಡೆ ತುಂಬ ಗಡಿಯಾರಗಳು. ಒಂದರಲ್ಲಿ ಹತ್ತೂಕಾಲು, ಪಕ್ಕದ್ದರಲ್ಲಿ ಎರಡೂಮುಕ್ಕಾಲು, ಮೂಲೆಯ ಲೋಲಕದ ಗಡಿಯಾರ ಯಾವುದೋ ಕಾಲದ ಆರು ಗಂಟೆಗೆ ನಿಂತು ಧ್ಯಾನಕ್ಕೆ ಕೂತಿದೆ. ಇಷ್ಟರಲ್ಲಿ ಯಾವುದನ್ನು ನಂಬುವುದು ಎಂದು ಕೇಳಿದರೆ ಯಜಮಾನರು ಜೇಬಿನಿಂದ ಮೊಬೈಲ್ ತೆಗೆದು ಟೈಮ್ ನೋಡಿ ಹೇಳುತ್ತಾರೆ.

ಅವರಿಗೆ ಎಪ್ಪತ್ತು ದಾಟಿದೆ. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯ ಅಸೆಂಬ್ಲಿಯಲ್ಲಿ ಇಪ್ಪತ್ತಾರು ವರ್ಷ ಕೂತು, ವಿಆರ್‌ಎಸ್ ತೆಗೆದುಕೊಂಡು ಬಂದವರು. ಬಲಗಣ್ಣಿನ ಸುತ್ತ ಉಂಗುರ ಒತ್ತಿದಂಥ ಗುರುತು. ಭೂತಗನ್ನಡಿಯನ್ನು ಹುಬ್ಬಿಗೂ ಕೆನ್ನೆಗೂ ನಡುವೆ ಕಚ್ಚಿ ಹಿಡಿದು ಹಿಡಿದು ಬಿದ್ದದ್ದು. ಎದುರಿನ ಮೇಜಿನ ಮೇಲೆ ಪೆಟ್ರೋಲಿನ ಬಟ್ಟಲು, ಕೂದಲೆಳೆಯಂಥ ಬ್ರಷ್ಷು, ಚಿಮಟ, ಬೆರಳುದ್ದದ ಸ್ಕ್ರೂಡ್ರೈವರುಗಳು. ಬಿಚ್ಚಿಟ್ಟ ಮೆಷಿನ್‌ಗೆ ಧೂಳು ಕೂರದಿರಲೆಂದು ಅದರ ಮೇಲೆ ಕಾಫಿ ಲೋಟದ ಹಾಗೆ ಬೋರಲು ಹಾಕಿದ ಗಾಜಿನ ಮುಚ್ಚಳ. ಸಂಜೆ ಹೊತ್ತು ನಾನು ಅಲ್ಲಿ ಸುಮ್ಮನೆ ಕೂತು ಬರುವುದುಂಟು. ರಿಪೇರಿಗೆ ಕೊಡಲು ನನ್ನ ಹತ್ತಿರ ಇರುವುದೇ ಒಂದು ವಾಚು, ಅದರ ಕತೆ ಆಮೇಲೆ ಹೇಳುತ್ತೇನೆ.

ಜೂನ್ ತಿಂಗಳು. ಮಳೆ ಬರುವ ಹಾಗೆ ಮಾಡಿ ಬಾರದೆ ಹೋದ ಒಂದು ಸಂಜೆ, ಮೆಟ್ಟಿಲು ಹತ್ತಿ ಒಬ್ಬ ಹುಡುಗ ಬಂದ. ಮೂವತ್ತರ ಆಸುಪಾಸು, ಮಾನ್ಯತಾ ಟೆಕ್ ಪಾರ್ಕಿನ ಕಡೆಯವನು. ಕೊರಳ ಟ್ಯಾಗನ್ನು ಶರ್ಟಿನ ಜೇಬಿಗೆ ಸಿಕ್ಕಿಸಿದ್ದ. ಬ್ಯಾಗಿನಿಂದ ಕನ್ನಡಕದ ಡಬ್ಬಿ ತೆಗೆದ. ಅದರೊಳಗೆ ಹತ್ತಿ, ಹತ್ತಿಯ ಮೇಲೆ ಮೂರು ಹಳೇ ವಾಚು.

“ಅಂಕಲ್, ಶೇರಲ್ಲಿ ಕೈ ಸುಟ್ಕೊಂಡೆ. ಚಿನ್ನ ಮುಟ್ಟೋ ಹಾಗೇ ಇಲ್ಲ. ಹಳೇ ವಾಚಲ್ಲಿ ದುಡ್ಡು ಹಾಕಿದ್ರೆ ಸೇಫ್ ಅಂತಾರಲ್ಲ, ನಿಜವಾ?”

ಯಜಮಾನರು ತಲೆ ಎತ್ತಲಿಲ್ಲ. “ಬೀರೂಲಿಟ್ಟು ಬೀಗ ಹಾಕಿದ್ರೆ ಸೇಫೇ ಕಣಪ್ಪ.”

ಹುಡುಗ ನಕ್ಕ, ಆದರೆ ಬಿಡಲಿಲ್ಲ. ಅವನ ಮೊಬೈಲಿನಲ್ಲಿ ದುಬಾರಿಗೆ ಹೋದ ವಾಚುಗಳ ಒಂದು ದೊಡ್ಡ ಪಟ್ಟಿಯೇ ಇತ್ತು. ಪಟ್ಟಿಯ ತುದಿಯಲ್ಲಿ, ಇಂಥ ಎಲ್ಲ ಪಟ್ಟಿಗಳ ತುದಿಯಲ್ಲೂ ಇರುವಂತೆ, ಪಾಲ್ ನ್ಯೂಮನ್ನನ ರೋಲೆಕ್ಸ್ ಡೇಟೋನಾ. ಕಾರ್ ರೇಸಿಗೆ ಬಿದ್ದ ಆ ಹಾಲಿವುಡ್ ನಟನಿಗೆ ಹೆಂಡತಿ ಜೊಆನ್ ವುಡ್‌ವರ್ಡ್ ಕೊಡಿಸಿದ್ದು. ‘ಜೋಪಾನವಾಗಿ ಓಡಿಸು’ ಎಂದು ಹಿಂಬದಿಗೆ ಕೆತ್ತಿಸಿ, ಕೆಳಗೆ ‘ನಾನು’ ಎಂದಷ್ಟೇ ಹಾಕಿಸಿದ್ದಳು. ಆ ನಮೂನೆಯ ಡಯಲ್ಲು ಆಗ ಯಾರಿಗೂ ಹಿಡಿಸಿರಲಿಲ್ಲ. ಕೆಲವು ನೂರು ಡಾಲರಿನ ಮಾಲು ಅಂಗಡಿಯ ಗಾಜಿನ ಹಿಂದೆ ಕೊಳೆಯುತ್ತಿತ್ತು. 1984ರಲ್ಲಿ ನ್ಯೂಮನ್ ಅದನ್ನು ಮಗಳ ಸ್ನೇಹಿತನ ಕೈಗೆ ಹಾಗೇ ಸುಮ್ಮನೆ ಕೊಟ್ಟುಬಿಟ್ಟ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ಅದೇ ವಾಚು 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ.

“ನೂರು ಕೋಟಿ ಅಂಕಲ್!”

“ಆ ಹೆಂಡ್ತಿ ಬರ್ಸಿದ್ದಳಲ್ಲ ಹಿಂದ್ಗಡೆ, ದುಡ್ಡು ಅದಕ್ಕೆ. ನಿಮ್ಮ ವಾಚ್ ಹಿಂದೆ ಏನ್ ಬರ್ದಿದೆ?”

ಹುಡುಗ ನಿಜಕ್ಕೂ ತಿರುಗಿಸಿ ನೋಡಿದ. ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್ ಎಂದಿತ್ತು.

ಆ ಮೂರರಲ್ಲಿ ಎರಡು ಎಚ್‌ಎಂಟಿ. ಈ ರಸ್ತೆಗೆ ಹೆಸರು ಕೊಟ್ಟ ಕಂಪನಿಯ ಮಾಲು ಈ ರಸ್ತೆಗೇ ‘ಅಪರೂಪ’ ಎಂಬ ಚೀಟಿ ಅಂಟಿಸಿಕೊಂಡು ವಾಪಸು ಬರುವುದನ್ನು ನೋಡುವಾಗ ನನಗೆ ನಗು ಬರುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ. 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಯಂತ್ರ ಕಟ್ಟುವುದನ್ನು ಕಲಿತದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ. ಆದರೆ 1961ರಲ್ಲಿ ವಾಚು ಮಾಡಲು ಹೊರಟಾಗ ಕೈಹಿಡಿದದ್ದು ಸ್ವಿಸ್ಸರಲ್ಲ, ಜಪಾನಿನ ಸಿಟಿಜನ್. ಅಲ್ಲಿಂದ ಮುಂದೆ ಜನತಾ, ಪೈಲಟ್, ಕಾಂಚನ್, ಕೊಹಿನೂರ್, ಹೆಂಗಸರಿಗೆ ಸುಜಾತಾ. 1978ರಲ್ಲಿ ತುಮಕೂರಿನಲ್ಲೂ ಫ್ಯಾಕ್ಟರಿ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದರೆ ವಾಚು, ನೌಕರಿ ಸಿಕ್ಕರೆ ವಾಚು. ಮದುವೆಯಲ್ಲಿ ಅಳಿಯನ ಮಣಿಕಟ್ಟಿಗೆ ಎಚ್‌ಎಂಟಿ ಬೀಳದಿದ್ದರೆ ಕಾಶೀಯಾತ್ರೆಗೆ ಹೊರಟವನು ನಿಜವಾಗಿಯೂ ಕಾಶಿಗೇ ಹೋಗಿಬಿಟ್ಟಾನೆಂಬ ಭಯ ಮಾವಂದಿರಿಗೆ. ಕಾಂಚನ್ ಒಂದು ಸಿಗಲಿ ಅಂತ ನೆಂಟರ ನೆಂಟರನ್ನೆಲ್ಲ ಹಿಡಿದು ಇವರ ಮನೆ ಬಾಗಿಲಿಗೆ ಬಂದವರ ಕತೆಗಳನ್ನು ಯಜಮಾನರು ಈಗಲೂ ಹೇಳುತ್ತಾರೆ.

“ಆಗ ಕೈಗೆ ಕಟ್ಕೊಳ್ಳೋಕೆ ಕೇಳ್ತಿದ್ರು ಸ್ವಾಮಿ. ಈಗ ಕಟ್ಕೋಬಾರ್ದು ಅಂತ ಕೊಳ್ತಾರೆ.”

ಮುಚ್ಚುತ್ತಾರಂತೆ ಎಂಬ ಸುದ್ದಿ 2014ರಲ್ಲಿ ಹಬ್ಬಿದಾಗ ಷೋರೂಮುಗಳ ಮುಂದೆ ಜನ ಮುಗಿಬಿದ್ದರು. ಅದೇ ಜನ ಅಲ್ಲಿಯವರೆಗೂ ಟೈಟಾನ್ ಕಟ್ಟಿಕೊಂಡಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿತು. ತುಮಕೂರಿನ ಫ್ಯಾಕ್ಟರಿ ಜಾಗ ಇಸ್ರೋ ಪಾಲಾಯಿತು. ಜಾಲಹಳ್ಳಿಯಲ್ಲಿ 2019ರಿಂದ ಒಂದು ಮ್ಯೂಸಿಯಂ ಇದೆ. ಹಳೇ ಬಂಗಲೆಯೊಳಗೆ ಯಂತ್ರಗಳು, ಗಾಜಿನ ಹಿಂದೆ ಸಾಲುಸಾಲು ವಾಚುಗಳು. ಕುರುಡರು ಮುಳ್ಳು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಅಲ್ಲಿ ನೋಡಬಹುದು. ಯಜಮಾನರು ಒಂದು ಸಲ ಹೋಗಿ ಬಂದರು. ಹೇಗಿತ್ತು ಎಂದು ಕೇಳಿದ್ದಕ್ಕೆ, “ಎಲ್ಲಾ ನಿಂತಿವೆ. ಯಾರಾದ್ರೂ ಕೀ ಕೊಡಬಾರ್ದಾ” ಎಂದಿದ್ದರು.

ಈಗ ಹುಡುಗನ ಪೈಲಟ್ ಮೇಜಿಗೆ ಬಂತು. ಕಪ್ಪು ಡಯಲ್, ಬಿಳಿ ಅಂಕಿ, ಅಂಕಿಗಳ ಮೇಲೆ ಹಸಿರು ರೇಡಿಯಂ. ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಮ್ಮಲ್ಲಿ ಅದೇ ಹೆಸರು. ನೋಡಲು ಚೆಂದ. ಅಂತರ್ಜಾಲದಲ್ಲಿ ಯಾರೋ ಮುಂಬೈಯವರ ಹತ್ತಿರ ಕೊಂಡದ್ದಂತೆ. ‘ಮುಟ್ಟದ ಮಾಲು, ಹಳೇ ಸ್ಟಾಕು’ ಎಂದು ಹೇಳಿದ್ದರಂತೆ. ಯಜಮಾನರು ಭೂತಗನ್ನಡಿ ಕಣ್ಣಿಗೆ ಕಚ್ಚಿ ಒಂದು ನಿಮಿಷ ನೋಡಿದರು. ಆಮೇಲೆ ಭೂತಗನ್ನಡಿಯನ್ನೂ ವಾಚನ್ನೂ ನನ್ನ ಕೈಗಿತ್ತರು.

ಬರಿಗಣ್ಣಿಗೆ ಕಂಡದ್ದೇ ಬೇರೆ, ಗಾಜಿನೊಳಗೆ ಕಂಡದ್ದೇ ಬೇರೆ. ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿತ್ತು. ನಿಮಿಷದ ಗೆರೆಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಆರರ ಹತ್ತಿರ ಗೆರೆಯೊಂದು ಅಂಚು ದಾಟಿ ಆಚೆಗೆ ಹೋಗಿತ್ತು. ರೇಡಿಯಂ ಅಂಕಿಯ ಮೇಲೆ ಮಾತ್ರ ಕೂರದೆ, ರಂಗೋಲಿ ಪುಡಿ ಚೆಲ್ಲಿದ ಹಾಗೆ ಸುತ್ತಲೂ ಚೆಲ್ಲಿತ್ತು. ಮುಳ್ಳುಗಳು ಬೇರಾವುದೋ ವಾಚಿನವು. ನಿಮಿಷದ ಮುಳ್ಳು ಗೆರೆಯನ್ನು ಮುಟ್ಟುವಷ್ಟು ಉದ್ದವಿಲ್ಲದೆ ಅರ್ಧ ದಾರಿಯಲ್ಲೇ ಮುಗಿದಿತ್ತು.

“ರೀಡಯಲ್. ಹಳೇ ಜನತಾದೋ ಯಾವ್ದೋ ಡಯಲ್ ಕೆರೆದು, ಕಪ್ಪು ಹೊಡೆದು, ಪೈಲಟ್ ಅಂತ ಅಚ್ಚು ಒತ್ತಿದಾರೆ. ಮೆಷಿನ್ ನಮ್ದೇ, ಚೆನ್ನಾಗಿದೆ. ಕಟ್ಕೊಂಡು ಓಡಾಡಿ, ಟೈಮ್ ತೋರ್ಸತ್ತೆ.”

“ರೇಟ್ ಬರಲ್ವಾ?”

“ನಿಮಗೆ ಬಂದ ಹಾಗೇ ಇನ್ನೊಬ್ಬರಿಗೂ ಬರಬಹುದು. ಮೋಸ ಗೊತ್ತಿಲ್ದೋರು ಸಿಗಬೇಕು, ಅಷ್ಟೆ.”

ಇಂಥ ವಾಚುಗಳಿಗೆ ಹೊರದೇಶದ ಹವ್ಯಾಸಿಗಳು ‘ಮುಂಬೈ ಸ್ಪೆಷಲ್’ ಎಂದು ಕುಹಕದ ಹೆಸರಿಟ್ಟಿದ್ದಾರೆ. ಆದರೆ ಮುಂಬೈಯ ಗಲ್ಲಿಯ ಕುಶಲಕರ್ಮಿಯನ್ನೇ ಬೈದು ಏನು ಬಂತು? 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಬಿಸಿಲು ಕುಡಿದು ಕಪ್ಪಿನಿಂದ ಕಂದಿಗೆ ತಿರುಗಿದ ಡಯಲ್ಲು, ಅದಕ್ಕೇ ಆ ರೇಟು. ಎರಡು ವರ್ಷ ಕಳೆಯುವುದರೊಳಗೆ ಅದು ಬೇರೆಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ ಮಾಲೆಂದು ಬಯಲಾಯಿತು. ಕೊಂಡವರು ಯಾರು? ಒಮೆಗಾ ಕಂಪನಿಯದೇ ಮ್ಯೂಸಿಯಂ. ಇದರಲ್ಲಿ ತನ್ನದೇ ಹಳೇ ನೌಕರರ ಕೈವಾಡ ಇತ್ತೆಂದು 2023ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆ ವಾಚನ್ನು ಹುಟ್ಟಿಸಿದ ಮನೆಯವರೇ ಅದರ ಗುರುತು ತಪ್ಪಿದರು ಎಂದಮೇಲೆ, ಟೆಕ್ ಪಾರ್ಕಿನ ಈ ಹುಡುಗನಿಗೆ ಯಾವ ಭೂತಗನ್ನಡಿ ಸಾಕಾದೀತು?

ನನ್ನ ವಾಚಿನ ಕತೆ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಸಂಬಳದಲ್ಲಿ ಉಳಿಸಿ ಕೊಂಡಿದ್ದು ಒಂದು ಜನತಾ. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬರುವ ಹೊತ್ತಿಗೆ ಕೀ ಕೊಡುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಆ ಕಿರ್ರ್ ಕಿರ್ರ್ ಸದ್ದು ಕೇಳಿಸಿದರೆ ನಮಗೆ ಏಳುವ ಹೊತ್ತಾಯಿತೆಂದು ಅರ್ಥ. ಒಮ್ಮೆ ಕೆರೆ ಏರಿಯ ಮೇಲೆ ಮಳೆಗೆ ಸಿಕ್ಕಿ ಒಳಗೆ ನೀರು ಹೋಗಿತ್ತು. ಡಯಲ್ಲಿನ ನಾಲ್ಕರ ಹತ್ತಿರ ಕಾಫಿ ಚೆಲ್ಲಿದಂಥ ಕಲೆ ಉಳಿಯಿತು. ಮಿಕ್ಕಂತೆ ಡಯಲ್ಲೆಲ್ಲ ಹಳೇ ಪಂಚಾಂಗದ ಹಾಳೆಯ ಬಣ್ಣ. ಅಪ್ಪ ಹೋದಮೇಲೆ ಅದನ್ನು ನಾನು ಕಟ್ಟಿಕೊಳ್ಳೋಣವೆಂದು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಇನ್ನೂರೈವತ್ತು ರೂಪಾಯಿಗೆ ಹೊಸದು ಮಾಡಿಕೊಡುತ್ತೇನೆಂದರು. ನಾನೇ ಖುಷಿಯಿಂದ ಹೂಂ ಅಂದೆ, ಅವರ ತಪ್ಪೇನಿಲ್ಲ. ವಾರ ಕಳೆದು ಹೋದರೆ ಮದುವಣಗಿತ್ತಿಯ ಹಾಗೆ ಬೆಳ್ಳಗೆ ಹೊಳೆಯುವ ಡಯಲ್ಲು, ಪಳಪಳ ಉಜ್ಜಿದ ಕೇಸು. ಕಲೆ ಇಲ್ಲ, ಪಂಚಾಂಗದ ಬಣ್ಣ ಇಲ್ಲ. ಹಿತ್ತಾಳೆ ಬಿಲ್ಲೆಯ ಮೇಲಿನ ಹಳೇ ಬಣ್ಣವನ್ನು ಕೆರೆದು ತೊಳೆದು ಚರಂಡಿಗೆ ಬಿಟ್ಟಿದ್ದರು. ಅಪ್ಪನ ನಲವತ್ತು ವರ್ಷದ ಬೆವರು, ಬಿಸಿಲು, ಆ ಒಂದು ಮಳೆ, ಎಲ್ಲಾ ಅದರ ಜೊತೆಗೇ ಹೋಯಿತು.

ಮೊದಲ ಸಲ ಅದನ್ನು ಯಜಮಾನರ ಕೈಗೆ ಕೊಟ್ಟಾಗ ಅವರು ನೋಡಿ ಅಂದದ್ದು ಒಂದೇ ಮಾತು. “ಮುಖ ತೊಳ್ಸಿಬಿಟ್ರಲ್ಲ ಸ್ವಾಮಿ.” ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, “ನಾವೇನ್ ಕಮ್ಮೀನಾ? ಸಂಜೆ ರಿಪೇರಿಗೆ ಕೂರ್ತಿದ್ದಾಗ ಬಂದೋರೆಲ್ಲಾ ಹೊಸದು ಮಾಡ್ಕೊಡಿ, ಹೊಸದು ಮಾಡ್ಕೊಡಿ ಅಂತಾನೇ ಕೇಳೋರು. ಎಷ್ಟು ಡಯಲ್ ಬಿಸಾಕಿದೀವೋ ದೇವರಿಗೇ ಗೊತ್ತು. ಈಗ ಆ ಕಸಕ್ಕೇ ರೇಟು” ಎಂದಿದ್ದರು.

ಈ ವ್ಯಾಪಾರದ ತಿರುಳು ಹೆಚ್ಚೂಕಡಿಮೆ ಇಷ್ಟೆ. ಹಳೇ ಮನೆಗೆ ಸುಣ್ಣ ಬಳಿದರೆ ಬೆಲೆ ಏರುತ್ತದೆ, ಹಳೇ ವಾಚಿಗೆ ಬಣ್ಣ ಹೊಡೆದರೆ ಇಳಿಯುತ್ತದೆ. ಮೆಷಿನ್ ಬಿಚ್ಚಿ ಎಣ್ಣೆ ಹಾಕಬಹುದು, ಸವೆದ ಭಾಗ ಬದಲಿಸಬಹುದು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಮೆಷಿನ್‌ನೊಳಗಿನ ಹದಿನೇಳು ಕೆಂಪು ಹರಳಂತೂ ಕಾರ್ಖಾನೆಯಲ್ಲೇ ಬೆಳೆಸಿದ ಮಾಣಿಕ್ಯ. ‘ಹದಿನೇಳು ಜ್ಯುವೆಲ್ಸ್’ ಎಂಬುದನ್ನು ಓದಿ ಅದರಲ್ಲೇ ನಿಧಿ ಇದೆ ಎಂದುಕೊಂಡು ಬರುವವರು ಈಗಲೂ ಇದ್ದಾರಂತೆ. ದುಡ್ಡೆಲ್ಲ ಕೂತಿರುವುದು ಡಯಲ್ಲಿನ ಮೇಲೆ, ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಆ ಬಿಲ್ಲೆಯ ಮೇಲಿನ ಬಣ್ಣದ ಪೊರೆಯಲ್ಲಿ. ಅದೂ ಯಾರೂ ಕೈ ಹಾಕದೆ ಇದ್ದರೆ.

ಮಾತು ಇಲ್ಲಿಗೆ ಬರುವಷ್ಟರಲ್ಲಿ ಮೆಟ್ಟಿಲ ಬಳಿ ಒಬ್ಬ ಹೆಂಗಸು ಬಂದು ನಿಂತರು. ಪಕ್ಕದ ಬೀದಿಯವರಿರಬೇಕು, ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಪರ್ಸು. ಹಿಂದೆ ಹದಿನಾರರ ಹುಡುಗ. ಅಮ್ಮ ವ್ಯವಹಾರ ಮಾಡುವಾಗ ಆ ವಯಸ್ಸಿನ ಹುಡುಗರು ರಸ್ತೆ ಕಡೆ ತಿರುಗಿ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದ.

“ಯಜಮಾನ್ರೇ, ಇದು ನಮ್ಮ ಮಾವನೋರದ್ದು. ರೈಲ್ವೇಲಿದ್ರು. ಇದಕ್ಕೇನಾದ್ರೂ ಬೆಲೆ ಬರತ್ತಾ?”

ಕರ್ಚೀಫಿನಿಂದ ಬಿಚ್ಚಿದ್ದು ವೆಸ್ಟ್ ಎಂಡ್ ವಾಚ್ ಕಂಪನಿಯ ಸೊವಾರ್ ಪ್ರೈಮಾ. ಸ್ವಿಸ್ ಮೆಷಿನ್, ಬ್ರಿಟಿಷರ ಕಾಲದಿಂದ ನಮ್ಮ ದೇಶದಲ್ಲಿ ಸಿಪಾಯಿಗಳು, ರೈಲ್ವೇ ನೌಕರರು ಕಟ್ಟುತ್ತಿದ್ದ ಗಟ್ಟಿ ವಾಚು. ಡಯಲ್ಲು ಗೋಧಿ ಬಣ್ಣಕ್ಕೆ ತಿರುಗಿತ್ತು, ಹನ್ನೊಂದರ ಹತ್ತಿರ ಕೂದಲೆಳೆಯಷ್ಟು ಬಿರುಕು. ಟೆಕ್ ಪಾರ್ಕಿನ ಹುಡುಗನ ಕಣ್ಣು ಅರಳಿತು. ಯಜಮಾನರು ಹಿಂದಿನ ಮುಚ್ಚಳ ತಿರುಗಿಸಿ ತೆಗೆದು, ಚಿಮಟದ ತುದಿಯಿಂದ ಬ್ಯಾಲೆನ್ಸ್ ಚಕ್ರವನ್ನು ಹೂವಿನಷ್ಟು ಹಗುರವಾಗಿ ಮುಟ್ಟಿದರು. ಅದು ಒಮ್ಮೆ ಉಸಿರೆಳೆದಂತೆ ತಿರುಗಿ, ಹಿಂದಕ್ಕೆ ಬಂದು, ನಿಂತಿತು.

“ಎಣ್ಣೆ ಒಣಗಿದೆ ಅಷ್ಟೆ ತಾಯಿ. ಯಾರೂ ಬಿಚ್ಚಿಲ್ಲ. ಡಯಲ್ಲೂ ಒರಿಜಿನಲ್ಲು. ಮನೇಲಿ ಯಾರಿಗೂ ಉಜ್ಜೋಕೆ ಬಿಡಬೇಡಿ.”

“ಎಷ್ಟು ಬರಬಹುದು?”

“ನಿಮಗೆಷ್ಟು ಬೇಕಿತ್ತು?”

“ಇವನ ಪಿಯುಸಿ ಅಡ್ಮಿಷನ್‌ಗೆ ಇನ್ನೂ ಹದಿನೆಂಟು ಸಾವಿರ ಕಮ್ಮಿ ಬಿದ್ದಿದೆ. ನಾಳೆ ಹತ್ತು ಗಂಟೆಗೆ ಕಟ್ಟಬೇಕು.”

ಟೆಕ್ ಪಾರ್ಕಿನವನು ಮೆಲ್ಲಗೆ, “ನಾನು ಐದು ಸಾವಿರಕ್ಕೆ ತಗೋತೀನಿ ಆಂಟಿ” ಅಂದ. ಯಜಮಾನರು ಅವನ ಕಡೆ ತಿರುಗಿ ಭೂತಗನ್ನಡಿಯ ಕಣ್ಣಿನಿಂದಲೇ ನೋಡಿದರು. ಅವನ ಕಿವಿ ಕೆಂಪಾಯಿತು.

“ಸರಿಯಾದೋರು ಸಿಕ್ಕಿದ್ರೆ ಇವ್ರು ಹೇಳಿದ್ದರ ಎರಡರಷ್ಟು ಬರಬಹುದು ತಾಯಿ. ಆ ಸರಿಯಾದೋರು ಯಾವಾಗ ಸಿಗ್ತಾರೆ ಅಂತ ನಾನು ಹೇಳಕಾಗಲ್ಲ. ನಾಳೆ ಹತ್ತು ಗಂಟೆಗಂತೂ ಸಿಗಲ್ಲ. ಅರ್ಜೆಂಟು ಅಂತ ಗೊತ್ತಾದ್ರೆ ಎಲ್ಲಾರೂ ಅರ್ಧಕ್ಕೇ ಕೇಳೋದು.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಡಗೈಯ ಬಳೆಯನ್ನು ಬಲಗೈಯಿಂದ ಎರಡು ಸುತ್ತು ತಿರುಗಿಸಿದರು. “ಎಣ್ಣೆ ಹಾಕಿಟ್ಟಿರಿ, ಬರ್ತೀನಿ” ಎಂದು ಇಳಿದು, ಹುಡುಗನನ್ನು ಕರೆದುಕೊಂಡು ಸರ್ಕಲ್ಲಿನ ಚಿನ್ನದ ಸಾಲದ ಅಂಗಡಿಯ ಕಡೆಗೆ ನಡೆದರು.

ಆಪದ್ಧನ ಅನ್ನುವ ಮಾತಿಗೆ ನಮ್ಮ ಅಜ್ಜಿಯರ ಕಾಲದಿಂದ ಇರುವ ಅರ್ಥ ಇದೇ. ಅಲ್ಲಿ ಬಳೆಗೆ ಯಾರು ತೊಟ್ಟಿದ್ದರು, ಯಾವ ಮದುವೆಗೆ ಮಾಡಿಸಿದ್ದು ಎಂಬ ಪ್ರಶ್ನೆ ಇಲ್ಲ. ಒರೆಗೆ ಹಚ್ಚಿ, ತೂಕಕ್ಕೆ ಹಾಕಿ, ಅವತ್ತಿನ ದರದಲ್ಲಿ ಲೆಕ್ಕ. ಅರ್ಧ ಗಂಟೆಯಲ್ಲಿ ದುಡ್ಡು. ಬಳೆ ಬಗ್ಗಿದ್ದರೂ ಸೈ, ಮುರಿದಿದ್ದರೂ ಸೈ. ವಾಚಿಗಾದರೋ ಕತೆ ಬೇಕು, ಕತೆಗೆ ಸಾಕ್ಷಿ ಬೇಕು, ಸಾಕ್ಷಿಯನ್ನು ನಂಬುವ ಶ್ರೀಮಂತನೊಬ್ಬ ಬೇಕು, ಅವನಿಗೆ ಅವತ್ತು ಮೂಡೂ ಇರಬೇಕು.

ರಾಜ್ಯ ಕಳೆದುಕೊಂಡವರೂ ವಾಚು ಕೊಂಡದ್ದಿದೆ, ಸುಳ್ಳಲ್ಲ. 1954ರಲ್ಲಿ ವಿಯೆಟ್ನಾಮಿನ ಭವಿಷ್ಯವನ್ನು ದೊಡ್ಡ ದೇಶಗಳು ಜಿನೀವಾದಲ್ಲಿ ಕೂತು ಹಂಚುತ್ತಿದ್ದಾಗ, ಅಲ್ಲಿನ ಕೊನೆಯ ದೊರೆ ಬಾವೊ ದಾಯ್ ಅದೇ ಊರಿನ ಅಂಗಡಿಯಲ್ಲಿ ಒಂದು ಚಿನ್ನದ ರೋಲೆಕ್ಸ್ ಕೊಂಡ. ಕಪ್ಪು ಡಯಲ್ಲು, ಗಂಟೆಯ ಜಾಗದಲ್ಲಿ ವಜ್ರ, ಚಂದ್ರನ ಕಲೆ ತೋರಿಸುವ ಕಿಂಡಿ. ಮರುವರ್ಷವೇ ಗದ್ದುಗೆ ಹೋಯಿತು, ಫ್ರಾನ್ಸಿನಲ್ಲಿ ಬದುಕು ಸವೆಸಿ 1997ರಲ್ಲಿ ತೀರಿಕೊಂಡ. 2002ರಲ್ಲಿ ಮನೆಯವರು ಆ ವಾಚು ಮಾರಿದಾಗ ಬಂದದ್ದು 3 ಲಕ್ಷ 42 ಸಾವಿರ ಸ್ವಿಸ್ ಫ್ರಾಂಕು. 2017ರಲ್ಲಿ ಅದು ಮತ್ತೆ ಹರಾಜಿಗೆ ಬಂದಾಗ 50 ಲಕ್ಷ ಫ್ರಾಂಕು ದಾಟಿತು. ಲಾಭ ಆದದ್ದು ನಿಜ. ಆದರೆ ಗದ್ದುಗೆ ಕಳೆದುಕೊಂಡವನಿಗಲ್ಲ, ಅವನ ಮನೆಯವರಿಗೂ ಅಲ್ಲ. ಹದಿನೈದು ವರ್ಷ ದುಡ್ಡಿನ ಅಗತ್ಯ ಬೀಳದೆ ಕಾಯಬಲ್ಲವನಿಗೆ.

ಹುಡುಗನ ಪಟ್ಟಿಯ ಎರಡನೆಯ ಹೆಸರು ಪಾಟೆಕ್ ಫಿಲಿಪ್ 1518. 1941ರಿಂದ 1954ರವರೆಗೆ ಮಾಡಿದ್ದೇ 281. ಹೆಚ್ಚಿನವು ಚಿನ್ನದವು, ಉಕ್ಕಿನವು ಲೋಕಕ್ಕೆ ಗೊತ್ತಿರುವುದು ನಾಲ್ಕೇ ನಾಲ್ಕು. ಹಾಗಾಗಿ ಉಕ್ಕಿನದಕ್ಕೆ ಚಿನ್ನದ್ದಕ್ಕಿಂತ ಬೆಲೆ. ಚಿನ್ನದ ಸಾಲದ ಅಂಗಡಿಯವನಿಗೆ ಇದನ್ನು ಹೇಳಿ ನೋಡಬೇಕು! ಅಂಥ ಉಕ್ಕಿನ ವಾಚೊಂದು 2016ರ ನವೆಂಬರಿನಲ್ಲಿ 1 ಕೋಟಿ 10 ಲಕ್ಷ ಫ್ರಾಂಕಿಗೆ ಹೋಗಿ ದಾಖಲೆಯಾಯಿತು. 2025ರ ನವೆಂಬರಿನಲ್ಲಿ ಅದೇ ವಾಚು ಮತ್ತೆ ಬಂದು ಸುಮಾರು 1 ಕೋಟಿ 42 ಲಕ್ಷಕ್ಕೆ ಹೋಯಿತು. ಪತ್ರಿಕೆಗಳು ಮತ್ತೆ ಉಘೇ ಎಂದವು. ನಾನು ಅಂಗಡಿಯ ಜೆರಾಕ್ಸ್ ಕಾಗದದ ಹಿಂದೆ ಲೆಕ್ಕ ಹಾಕಿ ತೋರಿಸಿದೆ: ಒಂಬತ್ತು ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂಬತ್ತು, ಅಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಮೂರಕ್ಕೂ ಕಮ್ಮಿ. ಹರಾಜಿನವರ ಕಮಿಷನ್ ಆ ಬೆಲೆಯೊಳಗೇ ಇದೆ, ವಿಮೆ ಲಾಕರಿನ ಖರ್ಚು ಬೇರೆ. ಅದೇ ಒಂಬತ್ತು ವರ್ಷದಲ್ಲಿ ಚಿನ್ನ, ಫ್ರಾಂಕಿನಲ್ಲೇ ಲೆಕ್ಕ ಹಾಕಿದರೂ, ಎರಡೂವರೆ ಪಟ್ಟಾಗಿತ್ತು. ಲೋಕದಲ್ಲಿ ನಾಲ್ಕೇ ಇರುವ ವಾಚು ನಮ್ಮ ಅಜ್ಜಿಯ ಬಳೆಯ ಜೊತೆ ಓಡಿ ಸೋತಿತ್ತು.

“ಹಾಗಾದ್ರೆ ಹೊಸ ಪಾಟೆಕ್ ನಾಟಿಲಸ್?” ಹುಡುಗ ಕೊನೆಯ ದಾಳ ಹಾಕಿದ. ಕಂಪನಿ 5711 ಮಾದರಿಯನ್ನು ನಿಲ್ಲಿಸುತ್ತೇವೆ ಎಂದದ್ದು 2021ರಲ್ಲಿ. ಅಂಗಡಿ ಬೆಲೆಯ ಎಷ್ಟೋ ಪಟ್ಟಾಗಿ, ಲಕ್ಷ ಡಾಲರಿನಾಚೆಗೆ ಏರಿದ ಅದರ ರೇಟು 2022ರಲ್ಲಿ ಶೇರೂ ಕ್ರಿಪ್ಟೋವೂ ಬಿದ್ದಾಗ ಅವುಗಳ ಬೆನ್ನಿಗೇ ಜಾರಿತು. ಗಾಳಿ ಬಂದಾಗ ತೂರಿಕೊಂಡವರು ತೂರಿಕೊಂಡರು. ಶೇರಿನಿಂದ ತಪ್ಪಿಸಿಕೊಳ್ಳಲೆಂದು ವಾಚಿಗೆ ಬಂದವನಿಗೆ, ಶೇರು ಬಿದ್ದ ಕಾಲಕ್ಕೇ ವಾಚೂ ಬಿದ್ದರೆ ಏನು ಆಸರೆ? ಎರಡನ್ನೂ ಕೊಳ್ಳುವವರು ಒಂದೇ ಜನ, ಒಂದೇ ಜೇಬು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಮೂರನೆಯ ವಾಚನ್ನು, ಬೆಳ್ಳಗಿನ ಸಾದಾ ಜನತಾವನ್ನು, ಕಿವಿಯ ಹತ್ತಿರ ಹಿಡಿದ. ಮೆಷಿನ್ ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ಗಂಟೆಗೆ ಹದಿನೆಂಟು ಸಾವಿರ.

“ಇದು ಒರಿಜಿನಲ್ಲಾ ಅಂಕಲ್?”

ಯಜಮಾನರು ನೋಡಿದರು. ಈ ಸಲ ಭೂತಗನ್ನಡಿ ಕೆಳಗಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. “ಒರಿಜಿನಲ್ಲು. ಎಷ್ಟು ಕೊಟ್ರಿ?”

“ಇದಾ? ಅವ್ನು ಆ ಎರಡರ ಜೊತೆ ಫ್ರೀ ಕೊಟ್ಟ.”

ಯಜಮಾನರು ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ ನಕ್ಕರು. ಹುಡುಗ ತನ್ನ ಕೈಯಲ್ಲಿದ್ದ, ಹೆಜ್ಜೆ ಎಣಿಸುವ ಕಪ್ಪು ವಾಚು ಬಿಚ್ಚಿ ಜೇಬಿಗೆ ಹಾಕಿ, ಜನತಾ ಕಟ್ಟಿಕೊಂಡ. ಕಟ್ಟಿಕೊಂಡವನು ಎರಡು ಮೂರು ಸಲ ಕೈ ತಿರುಗಿಸಿ ನೋಡಿಕೊಂಡ. ಅವನ ಪಟ್ಟಿಯಲ್ಲಿ ಆ ಖುಷಿಗೆ ಅಂಕಣ ಇದ್ದಿರಲಾರದು.

ಅಷ್ಟರಲ್ಲಿ ಹೂವಿನ ಗಾಡಿಯವಳು ಟಾರ್ಪಾಲು ಎಳೆದಳು. ನಾಲ್ಕು ದಪ್ಪ ಹನಿ ಬಿದ್ದವು. ವಾಚು ಬಿಟ್ಟು ಹೋಗಿದ್ದ ಹೆಂಗಸು ಹಿಂತಿರುಗಿ ಬರುತ್ತಿದ್ದರು, ಸೆರಗು ತಲೆಯ ಮೇಲೆ, ಪರ್ಸು ಕಂಕುಳಲ್ಲಿ. ಎಡಗೈಯಲ್ಲಿ ಬಳೆ ಇದ್ದ ಜಾಗದಲ್ಲಿ ಬೆಳ್ಳಗಿನ ಪಟ್ಟಿ. ಮೇಜಿನ ಮೇಲೆ ವೆಸ್ಟ್ ಎಂಡ್ ಓಡುತ್ತಿತ್ತು. ಯಜಮಾನರು ನಮ್ಮ ಮಾತಿನ ನಡುವೆಯೇ ಅದನ್ನು ಬಿಚ್ಚಿ, ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಇಟ್ಟು ಜೋಡಿಸಿದ್ದರು.

“ಆಯ್ತಾ ತಾಯಿ?”

“ಆಯ್ತು. ಸಂಕ್ರಾಂತಿಯೊಳಗೆ ಬಿಡಿಸ್ಕೋಬೇಕು. ಇದಕ್ಕೆಷ್ಟು?”

“ನೂರೈವತ್ತು ಕೊಡಿ.”

ಆಕೆ ವಾಚನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರಸ್ತೆ ನೋಡುತ್ತಾ ನಿಂತಿದ್ದ ಮಗನನ್ನು ಕರೆದು, “ಕೈ ಚಾಚು” ಅಂದರು. ತಾತನ ವಾಚು ಅವನ ಮಣಿಕಟ್ಟಿನಲ್ಲಿ ಬಳೆಯ ಹಾಗೆ ಜೋಲಾಡಿತು. ಬೆಲ್ಟಿನ ಕೊನೆಯ ತೂತಿಗೆ ಸಿಕ್ಕಿಸಿದರೂ ಮೊಣಕೈವರೆಗೆ ಜಾರುತ್ತಿತ್ತು. ಹುಡುಗ ನಾಚಿಕೊಂಡ, ಬಿಚ್ಚಲಿಲ್ಲ.

“ದಿನಾ ಒಂದೇ ಹೊತ್ತಿಗೆ ಕೀ ಕೊಡಬೇಕು ಮರಿ. ಬಿಗಿ ಆಯ್ತು ಅನ್ನಿಸಿದ ತಕ್ಷಣ ನಿಲ್ಲಿಸ್ಬಿಡು, ಬಲ ಹಾಕ್ಬೇಡ” ಎನ್ನುತ್ತಾ ಯಜಮಾನರು ಡ್ರಾಯರು ಎಳೆದು ದಬ್ಬಳ ಹುಡುಕಿದರು. ಬೆಲ್ಟನ್ನು ಮರದ ಚೂರಿನ ಮೇಲಿಟ್ಟು, ಕೊನೆಯ ತೂತಿನಿಂದ ಬೆರಳಗಲ ಬಿಟ್ಟು ಗುರುತು ಮಾಡಿ, ದಬ್ಬಳದ ತಲೆಗೆ ಸಣ್ಣ ಸುತ್ತಿಗೆಯಿಂದ ಎರಡು ಏಟು ಕೊಟ್ಟರು.